ಫಿಲೆಮೋನನ ಬಾಗಿಲು

ದೇವದಾನಪ್ಪನವರಿಗೆ ಆ ಶನಿವಾರ ಬೆಳಿಗ್ಗೆ ಬೇಕಾಗಿದ್ದದ್ದು ಒಂದು ಲೋಟ ಕಾಫಿ ಮತ್ತು ಒಂದಿಷ್ಟು ಮೌನ. ಕಾಫಿಯೇನೋ ಸಿಕ್ಕಿತು.

ಮಾರನೆಯ ದಿನ ಕೆಂಗೇರಿ ಉಪನಗರದ ಅವರ ಪುಟ್ಟ ಕನ್ನಡ ಚರ್ಚಿನಲ್ಲಿ ಬೈಬಲ್ ಭಾಗವೊಂದನ್ನು ಓದಿ ಪ್ರಸಂಗ ಮಾಡುವ ಸರದಿ ಅವರದಾಗಿತ್ತು. ಪಾದ್ರಿಗಳು ಬೇರೆ ಊರಿನ ಸಭೆಗಳನ್ನೂ ನೋಡಿಕೊಳ್ಳಬೇಕಾದ್ದರಿಂದ, ಅವರು ಬಾರದ ಭಾನುವಾರ ಹಿರಿಯರು ಯಾರಾದರೂ ನಿಲ್ಲಬೇಕು. ಯಾರಾದರೂ ಅಂದರೆ ದೇವದಾನಪ್ಪನವರೇ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. 'ಮುಂದೆ ಹೋಗ್ರೀ, ಒಳಗೆ ಕ್ರಿಕೆಟ್ ಆಡೋಷ್ಟು ಜಾಗ ಇದೆ' ಅಂತ ಕೂಗಿ ಕೂಗಿ ಪಳಗಿದ ಗಂಟಲು. ಕರೆಂಟು ಹೋದರೂ ಕಡೇ ಬೆಂಚಿಗೆ ಕೇಳಿಸುತ್ತದೆ, ಅದೊಂದೇ ಅವರ ಅರ್ಹತೆ ಎಂದು ಮಗಳು ಕವನಾ ಚುಡಾಯಿಸುತ್ತಿದ್ದಳು. ವಿಜಯನಗರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವ ಹುಡುಗಿ. ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ಅವರಿಬ್ಬರೇ, ಹಾಗಾಗಿ ಜಗಳವಾಡುವುದೂ ಒಬ್ಬರ ಜೊತೆಗೊಬ್ಬರೇ.

ಓದಬೇಕಾಗಿದ್ದ ಭಾಗ ಬಹಳ ಚಿಕ್ಕದು, ಯೇಸುವಿನ ಮಾತು ಸಾರುತ್ತ ಊರೂರು ತಿರುಗಿದ ಪೌಲನು ಫಿಲೆಮೋನನಿಗೆ ಬರೆದ ಪತ್ರ. ಒನೇಸಿಮನೆಂಬ ಗುಲಾಮ ತನ್ನ ಯಜಮಾನ ಫಿಲೆಮೋನನ ಮನೆ ಬಿಟ್ಟು ಬಂದು, ಸೆರೆಯಲ್ಲಿದ್ದ ಪೌಲನ ಜೊತೆ ಸೇರಿಕೊಂಡಿರುತ್ತಾನೆ. ಪೌಲ ಅವನ ಕೈಗೆ ಪತ್ರ ಕೊಟ್ಟು ಅದೇ ಮನೆಗೆ ವಾಪಸು ಕಳಿಸುತ್ತಾನೆ. ಇನ್ನು ಮೇಲೆ ಇವನನ್ನು ಗುಲಾಮ ಅಂತ ನೋಡಬೇಡ, ಒಡಹುಟ್ಟಿದವನಂತೆ ಸೇರಿಸಿಕೋ ಎನ್ನುವುದು ಪತ್ರದ ಸಾರ. ದೇವದಾನಪ್ಪನವರು ಈ ಭಾಗ ಬಂದಾಗಲೆಲ್ಲ, ಗುಲಾಮಗಿರಿಯ ಬುಡಕ್ಕೆ ಕೊಡಲಿ ಬಿದ್ದದ್ದು ಇಲ್ಲೇ ಎಂದು ಕೈ ಬೀಸಿ ಹೇಳುತ್ತಿದ್ದರು.

"ಪಪ್ಪಾ, ಹೋದ ಸಲನೂ ಇದನ್ನೇ ಹೇಳಿದ್ರಿ."

"ಹೋದ ಸಲ ಕೇಳಿದವರು ಯಾರೂ ನೆನಪಿಟ್ಕೊಂಡಿಲ್ಲ ಬಿಡಮ್ಮ."

"ನಾನಿಟ್ಕೊಂಡಿದೀನಲ್ಲ. ಕೊಡಲಿ ಎಲ್ಲಿ ಬಿತ್ತು ಹೇಳಿ. ಅದೇ ಪೌಲ ಇನ್ನೊಂದು ಕಡೆ, ಆಳುಗಳು ಯಜಮಾನರ ಮಾತು ಭಯದಿಂದ ಕೇಳ್ಬೇಕು ಅಂತಾನೆ. ಅದೇ ಬೈಬಲ್ಲಿನ ವಿಮೋಚನಕಾಂಡದಲ್ಲಿ ಆಳಿಗೆ ಹೊಡೆದು, ಅವನು ಒಂದೆರಡು ದಿನ ಜೀವ ಹಿಡ್ಕೊಂಡ್ರೆ ಹೊಡೆದವನಿಗೆ ಶಿಕ್ಷೆ ಇಲ್ಲ. ಯಾಕಂದ್ರೆ ಅವನು ಯಜಮಾನನ ಸೊತ್ತು!"

"ಏಳನೇ ವರ್ಷ ಬಿಟ್ಟು ಕಳಿಸ್ಬೇಕು ಅಂತನೂ ಇದೆ. ಓಡಿಬಂದ ಆಳನ್ನ ಧಣಿ ಕೈಗೆ ಹಿಡಿದು ಕೊಡಬೇಡಿ ಅಂತನೂ ಇದೆ. ಅದನ್ಯಾಕೆ ಓದಲ್ಲ ನೀನು?"

"ಓದಿದೀನಿ. ಏಳನೇ ವರ್ಷದ್ದು ಅವರವರ ಜನಕ್ಕೆ. ಹೊರಗಿನವರಾದ್ರೆ ಮಕ್ಕಳಿಗೆ ಆಸ್ತಿ ಥರ ಬಿಟ್ಟುಹೋಗಬಹುದು ಅಂತ ಯಾಜಕಕಾಂಡದಲ್ಲಿದೆ. ಇನ್ನು ಓಡಿಬಂದವನನ್ನ ವಾಪಸ್ ಕೊಡಬೇಡ ಅಂತ ಮೋಶೆ ಹೇಳಿದ್ಮೇಲೆ, ಪೌಲ ಯಾಕೆ ಒನೇಸಿಮನ್ನ ಕಳಿಸ್ದ?"

ದೇವದಾನಪ್ಪನವರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. ಅವರಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ನಾಲ್ಕಾರು ಉತ್ತರ ಗೊತ್ತಿದ್ದವು, ಯಾವುದರ ಮೇಲೂ ಪೂರ್ತಿ ಭಾರ ಹಾಕಿ ಕೂರಲು ಆಗುತ್ತಿರಲಿಲ್ಲ.

ಈ ವಿಷಯದಲ್ಲಿ ಅವರಿಗೆ ಇನ್ನೊಂದು ಕಡೆಯಿಂದಲೂ ಏಟು ಬೀಳುತ್ತಿತ್ತು. ಮಲ್ಲತ್ತಹಳ್ಳಿಯ ನಂಜುಂಡಪ್ಪ, ಸ್ಕೂಲಿನಲ್ಲಿ ಒಂದೇ ಬೆಂಚಿನ ಗೆಳೆಯ. ಊರಿನ ಗೌಡರ ಮನೆಯವನು. ರಾಗಿ ಹೊಲಗಳು ಲೇಔಟಾದ ಮೇಲೆ ಬಾಡಿಗೆ ಮನೆಗಳ ಮಾಲೀಕ. ಹಾಗಾಗಿ ಪುರುಸೊತ್ತು ಬೇಕಾದಷ್ಟು. ಫೋನಿನಲ್ಲಿ ವಿಡಿಯೋ ನೋಡುವುದು, ನೋಡಿದ್ದನ್ನು ದೇವದಾನಪ್ಪನಿಗೆ ತಳ್ಳುವುದು. ಆ ವಾರವಷ್ಟೇ ಬೈಬಲ್ಲಿನ ಗುಲಾಮಗಿರಿಯ ಬಗ್ಗೆ ಒಂದು ವಿಡಿಯೋ ಕಳಿಸಿ, ಕೆಳಗೆ ತನ್ನ ದನಿಯನ್ನೂ ಸೇರಿಸಿದ್ದ: "ಏನಯ್ಯಾ ಕಂಡಕ್ಟ್ರೇ, ಆಳನ್ನ ಹೊಡೀಬಹುದು, ಮಾರಬಹುದು ಅಂತ ಬರ್ಕೊಂಡಿದೀರಲ್ಲ, ಇದೆಂಥಾ ದೇವರಯ್ಯಾ ನಿಮ್ಮದು? ಉತ್ತರ ಕೊಡೋ!"

ದೇವದಾನಪ್ಪ, 'ನಿಮ್ಮ ತಾತ ನಮ್ಮ ತಾತನ ಬೆನ್ನಿಗೆ ಬಾರಿಸಿದ್ದು ಯಾವ ಪುಸ್ತಕ ನೋಡ್ಕೊಂಡು ಕಣೋ?' ಎಂದು ಟೈಪು ಮಾಡಿದರು. ಆಮೇಲೆ ಅಳಿಸಿದರು. ಕೈ ಮುಗಿದ ಚಿತ್ರವೊಂದನ್ನು ಕಳಿಸಿ ಮಲಗಿದರು. ಸುಸ್ತಾದ ಮನುಷ್ಯನಿಗೆ ಆ ಚಿತ್ರ ದೊಡ್ಡ ಅನುಕೂಲ.

ಅಳಿಸಿದ ಆ ಮಾತು ಸುಳ್ಳೇನೂ ಆಗಿರಲಿಲ್ಲ. ದೇವದಾನಪ್ಪನವರ ತಾತ ಕೆಂಚ ಸಾಯುವ ತನಕ ನಂಜುಂಡಪ್ಪನ ಮನೆಯಲ್ಲಿ ಜೀತಕ್ಕಿದ್ದವನು. ಅಪ್ಪ ಮುನಿಯ ಒಂದು ದಿನ ದನಗಳನ್ನು ಕೆರೆಯ ಹತ್ತಿರ ಬಿಟ್ಟು ಪೇಟೆಗೆ ನಡೆದು, ಮಿಲ್ಲಿಗೆ ಸೇರಿ, ಚರ್ಚಿಗೂ ಸೇರಿ ಸಂತೋಷಪ್ಪನಾದವನು; ಮಗನ ಸ್ಕೂಲು ಮುಗಿಯುವ ತನಕ ಸಂಸಾರ ಮಾತ್ರ ಊರಲ್ಲೇ ಇತ್ತು. ಆದರೂ ಒಂದು ದಾರ ಹರಿದಿರಲಿಲ್ಲ. ಗೌಡರ ಮನೆಗೆ ತಲೆತಲಾಂತರದಿಂದ ಅಂಟಿಕೊಂಡ ಆಳಿನ ಮನೆತನದವನನ್ನು ಆ ಕಡೆ ಹಳೇಮಗ ಅನ್ನುತ್ತಾರೆ. ಹಳೇಮಗನಿಗೆ ಆಸ್ತಿಯಲ್ಲಿ ಪಾಲಿಲ್ಲ, ಪಡಸಾಲೆಯಲ್ಲಿ ಜಾಗವಿಲ್ಲ; ಆದರೆ ಆ ಮನೆಯಲ್ಲಿ ಹೆಣ ಎತ್ತಬೇಕಾದರೆ ಅವನು ಹೆಗಲ ಮೇಲೆ ಹೊಸ ಕಂಬಳಿ ಹೊದ್ದು, ಹಗಲಾದರೂ ಸರಿ, ಹೊತ್ತಿಸಿದ ಪಂಜು ಹಿಡಿದು ಎಲ್ಲರಿಗಿಂತ ಮುಂದೆ ನಡೆಯಬೇಕು. ಚಟ್ಟ ಮುಟ್ಟುವ ಹಾಗಿಲ್ಲ. ನಂಜುಂಡಪ್ಪನ ಅಪ್ಪ ಸತ್ತಾಗ ಸಂತೋಷಪ್ಪ, ಮಿಲ್ಲಿಗೆ ರಜ ಹಾಕಿ, ಹೋಗಿ ಪಂಜು ಹಿಡಿದಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದ ಆ ಕಂಬಳಿಯನ್ನು ಇಳಿಯುವಾಗ ಸೀಟಿನ ಮೇಲೇ ಬಿಟ್ಟ. ಜೊತೆಗಿದ್ದ ದೇವದಾನಪ್ಪ, "ಅಪ್ಪಾ, ಕಂಬಳಿ" ಅಂದಾಗ ಅವನು ತಿರುಗಲಿಲ್ಲ. ಮರೆತನೋ, ಬಿಟ್ಟನೋ ಮಗನಿಗೆ ಈವರೆಗೂ ತಿಳಿದಿಲ್ಲ.

ಕವನಾಳ ಪ್ರಶ್ನೆ ಹಾಗೇ ತೂಗಾಡುತ್ತಿದ್ದಾಗ ಫೋನು ಬಂತು. ನಂಜುಂಡಪ್ಪನ ಮಗ ಸಂಪತ್.

"ದಾನಪ್ಪ ಅಂಕಲ್, ಅಜ್ಜಿ ಹೋಗ್ಬಿಟ್ರು. ರಾತ್ರಿ ಹಾಲು ಕುಡಿದು ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ."

"ಅಯ್ಯೋ ದೇವರೇ... ಯಶೋದಮ್ಮನವರಾ?"

"ಹೂಂ ಅಂಕಲ್. ಮಧ್ಯಾಹ್ನ ಎತ್ತೋದು. ಅದೂ... ಅಪ್ಪ ಹೇಳು ಅಂದ್ರು. ಅಜ್ಜಿ ಮೊದಲಿಂದ ಹೇಳ್ತಿದ್ರಂತೆ, ಪಂಜಿಗೆ ಸಂತೋಷನ ಮಗನೇ ಬರಬೇಕು ಅಂತ. ಮಾಗಡಿ ತಾತನೂ ಅದನ್ನೇ ಹಿಡ್ಕೊಂಡು ಕೂತಿದಾರೆ. ಜಸ್ಟ್ ಫಾರ್ಮಾಲಿಟಿ ಅಂಕಲ್, ಹತ್ತು ನಿಮಿಷದ ದಾರಿ."

ಸ್ಪೀಕರಿನಲ್ಲಿದ್ದ ಫೋನು. ಕವನಾ ಎಲ್ಲ ಕೇಳಿಸಿಕೊಂಡಳು.

"ಬೈಬಲ್ ಗುಲಾಮಗಿರಿ ವಿಡಿಯೋ ಕಳಿಸಿದವರೇ ಪಂಜು ಹಿಡಿ ಬಾ ಅಂತಾರಲ್ಲ ಪಪ್ಪಾ! ಅವರಿಗೇ ನಗು ಬರಲ್ವಾ?"

"ಅವನ ತಾಯಿ ಸತ್ತಿದಾರೆ ಕಣೇ. ನಗು ಎಲ್ಲಿಂದ ಬರುತ್ತೆ?"

"ಹೋಗ್ತೀರಾ?"

"ಸಾವಿಗೆ ಹೋಗದೆ ಇರೋಕಾಗುತ್ತಾ? ಅವ್ವಾರ ಕೈಯಲ್ಲಿ ತಿಂದು ಬೆಳೆದಿದೀನಿ."

"ಯಾವ ತಟ್ಟೆಯಲ್ಲಿ?"

ಅವರು ಎದ್ದು ಚಪ್ಪಲಿ ಹುಡುಕಿದರು. ಯಶೋದಮ್ಮ ಶಾಲೆ ಬಿಟ್ಟು ಬಂದ ಇಬ್ಬರು ಹುಡುಗರಿಗೂ ಒಂದೇ ಪಾತ್ರೆಯಿಂದ ಉಪ್ಪಿಟ್ಟು ಬಡಿಸುತ್ತಿದ್ದರು. ಒಬ್ಬನಿಗೆ ಅಡುಗೆಮನೆಯಲ್ಲಿ, ಇನ್ನೊಬ್ಬನಿಗೆ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ್ದ ಅಲ್ಯೂಮಿನಿಯಂ ತಟ್ಟೆಯಲ್ಲಿ. ಹಂಚಿನ ಮನೆ ಕೆಡವಿ ಮೂರಂತಸ್ತು ಕಟ್ಟಿಸಿದಾಗ ಆ ತಟ್ಟೆ ಎಲ್ಲಿಗೋ ಹೋಯಿತು. ಅದಾದ ಮೇಲೆ ಬಂದಾಗಲೆಲ್ಲ ಸೋಫಾ, ಸ್ಟೀಲ್ ಲೋಟ. ಬದಲಾಯಿತು ಅಂತ ಯಾರೂ ಹೇಳಲಿಲ್ಲ, ಮೊದಲು ಹಾಗಿತ್ತು ಅಂತಲೂ ಯಾರೂ ಹೇಳಲಿಲ್ಲ.

ಚಪ್ಪಲಿ ಮೆಟ್ಟುವಾಗ ಕವನಾ ಮೆಲ್ಲಗೆ ಅಂದಳು: "ಪೌಲ ಕಳಿಸಿದ್ದು ಸರಿ ಅಂತ ನಾಳೆ ಹೇಳೋರು ನೀವು. ಇವತ್ತು ಏನು ಮಾಡ್ತೀರೋ ನೋಡ್ಕೊಂಡು ಹೇಳಿ."

*

ಮಲ್ಲತ್ತಹಳ್ಳಿಯಲ್ಲಿ ಬಸ್ಸಿಳಿದಾಗಲೇ ತಮಟೆ ಕೇಳಿಸಿತು. ಮನೆಯ ಮುಂದೆ ರಸ್ತೆಗೆ ಅಡ್ಡ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಬಾಡಿಗೆಗಿರುವ ಹುಡುಗರು ಹೆಲ್ಮೆಟ್ ಕೈಯಲ್ಲಿ ಹಿಡಿದು ದೂರದಲ್ಲಿ ನಿಂತಿದ್ದರು. ಯಶೋದಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ತವರಿನ ಸೀರೆ ಹೊದಿಸಿದ್ದರು. ಹಣೆತುಂಬ ವಿಭೂತಿ. ಬದುಕಿದ್ದಾಗ ಯಾರಿಗೋ ಬೈಯಲು ಸಿದ್ಧರಾಗಿ ಕೂರುತ್ತಿದ್ದರಲ್ಲ, ಹಾಗೇ ಇತ್ತು ಮುಖ. ದೇವದಾನಪ್ಪ ಹಾರ ಹಾಕಿ, ಕಾಲಿನ ಹತ್ತಿರ ಒಂದು ಗಳಿಗೆ ನಿಂತರು.

ಹೊರಗೆ ಬರುವಷ್ಟರಲ್ಲಿ ಕುರ್ಚಿಯಿಂದ ಒಂದು ಮುದಿ ದನಿ: "ಹಳೇಮಗ ಬಂದ್ನೇನ್ರೋ? ಕಂಬ್ಳಿ ಕೊಡ್ರಿ, ಹೊತ್ತಾಯ್ತು!"

ಅದು ಮಾಗಡಿ ಕಡೆಯ ಚಿಕ್ಕಹೊನ್ನಯ್ಯ, ಯಶೋದಮ್ಮನ ತಮ್ಮ, ನಂಜುಂಡಪ್ಪನಿಗೆ ಸೋದರಮಾವ. ತವರಿನ ಸೀರೆ ತಂದವನು ಅವನೇ ಆದ್ದರಿಂದ ಆವತ್ತಿನ ಮಟ್ಟಿಗೆ ಅವನ ಮಾತೇ ಮಾತು. ಪಕ್ಕದಲ್ಲಿ ಕಾಂಪೌಂಡಿಗೆ ಒರಗಿಸಿಟ್ಟ ಪಂಜು, ಎಣ್ಣೆ ಕುಡಿದ ಬಟ್ಟೆ ಸುತ್ತಿದ್ದು. ಅದರ ಬುಡದಲ್ಲಿ ಮಡಿಸಿದ ಕಂಬಳಿ, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ.

ನಂಜುಂಡಪ್ಪ ಓಡಿಬಂದ. ತಲೆ ಬೋಳಿಸಿದ್ದರು, ಒದ್ದೆ ಪಂಚೆ. ಅಷ್ಟು ದೊಡ್ಡ ದೇಹದ ಮನುಷ್ಯ ತೊಯ್ದ ಕೋಳಿಯಂತೆ ಕಾಣುತ್ತಿದ್ದ.

"ಬಂದ್ಯಾ? ಬಾ ಬಾ. ಮಾವನ ಮಾತು ಹಿಡ್ಕೋಬೇಡ, ಹಳೇ ಕಾಲದೋನು. ನೀನು ಸುಮ್ನೆ ಅದನ್ನ ಹಿಡ್ಕೊಂಡು ಮುಂದೆ ನಡೆದುಬಿಡು ಸಾಕು."

"ನಂಜುಂಡ, ಪಂಜು ಹಿಡಿಯಲ್ಲ ಕಣೋ."

"ಲೋ... ಅವ್ವನ ಆಸೆ."

"ಗೊತ್ತು. ಚಟ್ಟಕ್ಕೆ ಹೆಗಲು ಕೊಡ್ತೀನಿ. ಅದಕ್ಕೇ ಬಂದಿದೀನಿ."

ಬಸ್ಸಿನಲ್ಲಿ ಕೂತಾಗ ಅವರು ಇದನ್ನು ಯೋಚಿಸಿರಲಿಲ್ಲ. ಬಾಯಿಗೆ ಬಂತು, ಬಂದ ಮೇಲೆ ಅದೇ ಸರಿ ಅನಿಸಿತು. ನಂಜುಂಡಪ್ಪ ಮಾವನ ಕಡೆ ನೋಡಿದ. ಮಾವ ಕಿವುಡನಲ್ಲ, ಎಲ್ಲ ಕೇಳಿಸಿಕೊಂಡಿದ್ದ.

"ಚಟ್ಟಕ್ಕೆ ಹೆಗಲು ಕೊಡೋದು ದಾಯಾದಿಗಳು, ನೆಂಟ್ರು. ಇವ್ನು ಯಾರಂತೆ?"

"ತಾತ, ಬೇಕಾದ್ರೆ ನಾನು ಮೊಬೈಲ್ ಟಾರ್ಚ್ ಆನ್ ಮಾಡ್ಕೊಂಡು ಮುಂದೆ ನಡೀತೀನಿ" ಎಂದ ಸಂಪತ್. ತಮಾಷೆಯಲ್ಲ, ಪಾಪ, ನಿಜವಾಗಿ ಸಹಾಯ ಮಾಡಲೆಂದೇ ಹೇಳಿದ್ದು. ಯಾರೋ ಕಿಸಕ್ಕೆಂದರು.

"ಇವ್ನು ಯಾರು ಅಂತ ಕೇಳ್ತಾವ್ರೆ ನಿಮ್ಮ ಮಾವ. ಹೇಳೋ" ಎಂದರು ದೇವದಾನಪ್ಪ.

ನಂಜುಂಡಪ್ಪನ ಬಾಯಿ ತೆರೆಯಿತು. ತಮಟೆಯವರೂ ಯಾಕೋ ಅದೇ ಹೊತ್ತಿಗೆ ಬೀಡಿ ಹಚ್ಚಲು ನಿಲ್ಲಿಸಿದ್ದರು. ದೇವದಾನಪ್ಪ ಕಾದರು. ಸ್ಕೂಲಿನ ಬೆಂಚು, ಕೆರೆಯ ಈಜು, ಇಷ್ಟು ವರ್ಷದ ಫೋನು, ಎಲ್ಲದಕ್ಕೂ ಸೇರಿ ಒಂದು ಮಾತು ಸಾಕಿತ್ತು.

"ಇದೊಂದು ಸಲ ಹಿಡಿದುಬಿಡೋ ದಾನ" ಎಂದ ನಂಜುಂಡಪ್ಪ, ನೆಲ ನೋಡುತ್ತ. "ಇನ್ನೊಂದ್ಸಲ ಕೇಳಲ್ಲ."

"ಸರಿ ಬಿಡು" ಎಂದು ದೇವದಾನಪ್ಪ ಹಿಂದೆ ಸರಿದು, ಬಾಡಿಗೆ ಹುಡುಗರ ಪಕ್ಕದಲ್ಲಿ ನಿಂತರು. ಸಿಟ್ಟು ಬರಬೇಕಿತ್ತು, ಮಂಡಿ ನೋಯುತ್ತಿತ್ತು.

ಪಂಜು ಕಾಂಪೌಂಡಿಗೇ ಒರಗಿ ಉಳಿಯಿತು. ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಕಡೆಗೆ ಚಿಕ್ಕಹೊನ್ನಯ್ಯನೇ, "ಏನಾದ್ರೂ ಮಾಡ್ಕೊಳ್ರಪ್ಪ, ಆಗ್ಲಿಂದ ಮುದುಕಿ ಕಾಯ್ಕೊಂಡು ಕೂತವ್ಳೆ" ಎಂದು ಗೊಣಗಿ ಎದ್ದ. ನಂಜುಂಡಪ್ಪ ಬೆಂಕಿ ಮಡಕೆ ಹಿಡಿದು ಮುಂದಾದ. ಮಡಕೆ ಹಿಡಿದ ಮಗ ಹಿಂದೆ ತಿರುಗಿ ನೋಡಬಾರದು. ಹಿಂದೆ ಚಟ್ಟ, ಅದರ ಹಿಂದೆ ಜನ, ಜನರ ಹಿಂದೆ ದೇವದಾನಪ್ಪ.

ಲೇಔಟಾಗದೆ ಉಳಿದ ತೋಟದ ತುಂಡಿನಲ್ಲಿ ಗಂಡನ ಸಮಾಧಿಯ ಪಕ್ಕ ಗುಂಡಿ ತೆಗೆದಿದ್ದರು. ದಾರಿ ದೂರವಲ್ಲ, ಆದರೆ ಕೇಬಲ್ಲಿಗೋ ನೀರಿನ ಪೈಪಿಗೋ ಅಗೆದು ಹಾಕಿದ ರಸ್ತೆ. ಕೆರೆಯ ತಿರುವಿನಲ್ಲಿ ಹಿಂದಿನ ಎಡಗಡೆ ಬೊಂಬು ಹೊತ್ತಿದ್ದ ಸಂಪತ್‌ನ ಕಾಲು ಅಗೆದ ಮಣ್ಣಿನಲ್ಲಿ ಹೂತಿತು. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಹುಡುಗ, ಮುಖ ಕೆಂಪಗೆ ಬೆವತಿತ್ತು.

"ಯಾರಾದ್ರೂ ಹಿಡೀರಿ... ಹಿಡೀರಿ, ನನ್ನ ಕೈಲಾಗಲ್ಲ!"

ಚಟ್ಟ ವಾಲಿತು. ಹತ್ತಿರದಲ್ಲಿದ್ದವರು ಹೆಲ್ಮೆಟ್ ಹಿಡಿದವರು. ದೇವದಾನಪ್ಪ ಅವರ ನಡುವೆ ನುಗ್ಗಿ ಮುಂದೆ ಬಂದು ಬೊಂಬಿನ ಕೆಳಗೆ ಹೆಗಲು ಕೊಟ್ಟರು. ತುಂಬಿದ ಬಸ್ಸಿನಲ್ಲಿ ಯಾರೋ ಬೀಳುವಾಗ ಹಿಡಿಯುವ ಅಭ್ಯಾಸ, ಯೋಚಿಸಿ ಮಾಡಿದ್ದಲ್ಲ. ಸಂಪತ್, "ಥ್ಯಾಂಕ್ಸ್ ಅಂಕಲ್" ಎಂದು ಪಕ್ಕಕ್ಕೆ ಹೋಗಿ ಸೊಂಟ ಹಿಡಿದು ನಿಂತ. ಮಿಕ್ಕ ಮೂವರು ತಿರುಗಿ ನೋಡಲಿಲ್ಲ, ನೋಡುವಷ್ಟು ಉಸಿರಿರಲಿಲ್ಲ. ಚಿಕ್ಕಹೊನ್ನಯ್ಯ ಪಕ್ಕದಲ್ಲೇ ಕೋಲೂರಿ ನಡೆಯುತ್ತಿದ್ದ, ಕಂಡನೋ ಇಲ್ಲವೋ. ನಂಜುಂಡಪ್ಪ ಮಡಕೆ ಹಿಡಿದು ಮುಂದೆ ಮುಂದೆ ನಡೆಯುತ್ತಲೇ ಇದ್ದ.

ತೋಟದವರೆಗೂ ಅವರೇ ಹೊತ್ತರು. ಚಟ್ಟ ಇಳಿಸಿದರು, ನಂಜುಂಡಪ್ಪ ಗುಂಡಿಯ ಆ ಬದಿಯಲ್ಲಿ ತಲೆ ತಗ್ಗಿಸಿ ಅಳುತ್ತಿದ್ದಾಗ ಜನರ ಸಂದಿಯಿಂದ ಒಂದು ಹಿಡಿ ಮಣ್ಣು ಹಾಕಿದರು, ಯಾರಿಗೂ ಹೇಳದೆ ಬಸ್ಸು ಹತ್ತಿದರು.

*

ಭಾನುವಾರ ಚರ್ಚಿನಲ್ಲಿ ಅವರು ಪತ್ರವನ್ನು ಪೂರ್ತಿ ಓದಿದರು. ಓದಿ ಮುಗಿಸಿ, ಬರೆದು ತಂದಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಕಡೇ ಬೆಂಚಿನಲ್ಲಿ ಕೂತಿದ್ದ ಕವನಾಗೆ ಗಾಬರಿಯಾಯಿತು.

"ಫಿಲೆಮೋನ ಬಾಗಿಲು ತೆಗೆದು ಒನೇಸಿಮನ್ನ ತಬ್ಕೊಂಡ ಅಂತ ನಾನು ಇಲ್ಲಿ ನಿಂತು ಎಷ್ಟೋ ಸಲ ಹೇಳಿದೀನಿ" ಎಂದರು. "ಅದು ಇದರಲ್ಲಿ ಎಲ್ಲೂ ಇಲ್ಲ. ನಾನೇ ಸೇರಿಸಿದ್ದು. ಪೌಲ ಪತ್ರ ಬರೆದ, ಒಳ್ಳೇ ಪತ್ರ, ಆದ್ರೆ ಅವನು ಇದ್ದ ಕಡೆನೇ ಇದ್ದ. ಅಷ್ಟು ದೂರ ನಡೆದವನು ಒನೇಸಿಮ. ಬಾಗಿಲು ತಟ್ಟಿದಾಗ ಒಳಗಿಂದ ಏನಂತ ಕರೆದರು, ಯಾರು ಬಂದಿರೋದು ಅಂತ ಕೇಳಿದ್ರೆ ಫಿಲೆಮೋನ ಏನು ಹೇಳ್ದ, ಯಾರೂ ಬರೆದಿಟ್ಟಿಲ್ಲ. ಆಳುಗಳ ಬಗ್ಗೆ ಈ ಗ್ರಂಥದಲ್ಲಿ ಇರೋ ಕೆಲವು ಮಾತು ನನಗೆ ನುಂಗೋಕಾಗಲ್ಲ. ಅದು ಆ ಕಾಲ ಅಂತ ಸಮಾಧಾನ ಹೇಳ್ತಿದ್ದೆ. ಇವತ್ತು ಹೇಳಲ್ಲ. ದೇವರನ್ನ ಬಿಡೋಕೂ ಆಗಲ್ಲ. ಇಷ್ಟೇ ಇವತ್ತಿನದು. ಹಾಡು ಹೇಳೋಣ."

ಇಷ್ಟು ಚಿಕ್ಕ ಪ್ರಸಂಗ ಆ ಚರ್ಚು ಕೇಳಿರಲಿಲ್ಲ. ಹೊರಗೆ ಬರುವಾಗ ಒಬ್ಬರು, "ಮೈ ಹುಷಾರಿಲ್ವಾ ದಾನಪ್ಪನೋರೇ?" ಎಂದು ವಿಚಾರಿಸಿದರು. ಇನ್ನೊಬ್ಬರು, "ಅಡುಗೆಗೆ ಬೇಗ ಹೋಗಬಹುದು, ಪರವಾಗಿಲ್ಲ" ಎಂದು ಖುಷಿಪಟ್ಟರು.

ಊಟವಾದ ಮೇಲೆ ಕವನಾ ಅಪ್ಪನ ಎಡ ಹೆಗಲಿಗೆ ಮುಲಾಮು ತಿಕ್ಕುತ್ತಿದ್ದಾಗ ಫೋನು ಬಂತು. ನಂಜುಂಡಪ್ಪನ ದನಿ ಒಡೆದಿತ್ತು.

"ಹೇಳ್ದೇ ಕೇಳ್ದೇ ಹೊರಟು ಹೋದ್ಯಲ್ಲೋ. ಪಂಜೂ ಹಿಡೀಲಿಲ್ಲ. ಮಣ್ಣಿಗಾದ್ರೂ ಬರ್ತೀಯ ಅಂದ್ಕೊಂಡಿದ್ದೆ. ಅಷ್ಟು ಸಿಟ್ಟಾ ನಮ್ಮವ್ವನ ಮೇಲೆ?"

ದೇವದಾನಪ್ಪ ಕಣ್ಣು ಮುಚ್ಚಿಕೊಂಡರು.

"ನಿಮ್ಮವ್ವ ಭಾರ ಇದ್ರು ಕಣೋ, ನಂಜುಂಡ."

"ಏನು?"

"ಕೆರೆ ತಿರುವಿಂದ ತೋಟದ ತನಕ. ಹಿಂದೆ, ಎಡಗಡೆ. ನಿನ್ನ ಮಗನ್ನ ಕೇಳು."

ಆ ಕಡೆ, ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು. ಕವನಾ ತಿಕ್ಕುವುದನ್ನು ನಿಲ್ಲಿಸಿದಳು. ಕಡೆಗೆ ನಂಜುಂಡಪ್ಪ ದನಿ ತಗ್ಗಿಸಿ ಕೇಳಿದ:

"ಮಾವ ನೋಡಿದ್ನಾ?"

ದೇವದಾನಪ್ಪನವರಿಗೆ ಇದ್ದಕ್ಕಿದ್ದಂತೆ ಬಹಳ ನಿದ್ದೆ ಬಂದಂತಾಯಿತು. ಅವನು ಮೊದಲು ಕೇಳಿದ್ದೂ ಅದನ್ನೇ ಆಯಿತಲ್ಲ.

"ಗೊತ್ತಿಲ್ಲಪ್ಪ. ಇಡ್ಲಾ?"

"ಇಡಬೇಡ, ಇಡಬೇಡ... ಲೋ ದಾನ. ಹನ್ನೊಂದರ ತಿಥಿಗೆ ಬಾ. ಕವನನ್ನೂ ಕರ್ಕೊಂಡು ಬಾ. ಮೊದಲನೇ ಪಂಕ್ತಿಗೆ ನನ್ನ ಪಕ್ಕ ಕೂತ್ಕೋ."

"ನಿಮ್ಮ ಮಾವನೂ ಅದೇ ಪಂಕ್ತೀಲಿ ಇರ್ತಾನಲ್ಲ. ಇವ್ನು ಯಾರು ಅಂತ ಮತ್ತೆ ಕೇಳ್ತಾನೆ. ಏನು ಹೇಳ್ತೀಯ?"

ಮತ್ತೆ ಪಾತ್ರೆಗಳ ಸದ್ದು.

"ಅದನ್ನೇ ನಿನ್ನೆಯಿಂದ ಯೋಚ್ನೆ ಮಾಡ್ತಾ ಇದೀನಿ ಕಣೋ" ಎಂದ ನಂಜುಂಡಪ್ಪ.

ದೇವದಾನಪ್ಪ ಫೋನು ಇಟ್ಟರು. ಕವನಾ ಮುಲಾಮಿನ ಡಬ್ಬಿ ಮುಚ್ಚಲಿಲ್ಲ.

"ಏನಂದ್ರು ಪಪ್ಪಾ?"

"ಯೋಚ್ನೆ ಮಾಡ್ತಾ ಇದಾನಂತೆ."

"ಇನ್ನೂ?"

"ಮಾಡ್ಲಿ ಬಿಡಮ್ಮ. ಇಷ್ಟು ದಿನ ಅದನ್ನ ನಾನೊಬ್ಬನೇ ಮಾಡ್ತಿದ್ದೆ." ಅವರು ಅಂಗಿಯ ಕಾಲರ್ ಇನ್ನಷ್ಟು ಕೆಳಗೆ ಜಾರಿಸಿದರು. "ಅಲ್ಲಲ್ಲ, ಸ್ವಲ್ಪ ಕೆಳಗೆ ತಿಕ್ಕು. ಹಾಂ, ಅಲ್ಲಿ."